ನಲವತ್ತೈದಕ್ಕೆ ಸೊನ್ನೆ ಅಂಕ

2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ವಿಮಾನಗಳು ಬಂದಿಳಿದ ಮೇಲೆ ಸುತ್ತಲ ಊರಿನವರ ಕತ್ತು ಮೇಲಕ್ಕೇ ತಿರುಗಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ, ಕಿವಿಗಡಚಿಕ್ಕುವ ಸದ್ದಿನ ನಡುವೆ ಲಾಳಿಗೆ ಕಂಡಿಕೆ ಹಾಕುವ ನಡುವಯಸ್ಸಿನವನಿಗೂ ಒಮ್ಮೊಮ್ಮೆ ಅನ್ನಿಸುತ್ತದೆ: ಸಾಕು ಈ ಸೀರೆ ಸಹವಾಸ, ಕೆನಡಾಕ್ಕೆ ಹೋಗಿಬಿಡೋಣ.

“ಅಲ್ಲಿ ಮುದ್ದೆ ಕಟ್ಟೋರು ಯಾರ್ರೀ?” ಎನ್ನುತ್ತಾಳೆ ಹೆಂಡತಿ.

ಉತ್ತರ ಹುಡುಕುವಷ್ಟರಲ್ಲಿ ಕೆನಡಾ ಸರ್ಕಾರವೇ ಅಡ್ಡಗಾಲು ಹಾಕುತ್ತದೆ. ವಲಸೆ ಬರುವವರನ್ನು ಆರಿಸುವ ಅದರ ಎಕ್ಸ್‌ಪ್ರೆಸ್ ಎಂಟ್ರಿ ಲೆಕ್ಕದಲ್ಲಿ 20ರಿಂದ 29ರ ವಯಸ್ಸಿಗೆ ಪೂರ್ತಿ ಅಂಕ, ಆಮೇಲೆ ವರ್ಷ ವರ್ಷವೂ ಕಡಿತ, 45 ತುಂಬಿತೋ ಸೊನ್ನೆ! ಆಸ್ಟ್ರೇಲಿಯಾದ ನುರಿತ ಕೆಲಸಗಾರರ ವೀಸಾ ಬಾಗಿಲು ಹಾಕುವುದೂ ಸಾಮಾನ್ಯವಾಗಿ 45ಕ್ಕೇ. ಗಲ್ಫ್ ಆದರೂ ಸರಿ ಎಂದರೆ, ಹತ್ತನೇ ತರಗತಿ ಪಾಸಾಗದವರು ವಲಸೆ ಇಲಾಖೆಯ ಅನುಮತಿ ಪಡೆಯಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗಾಗಿ ಅಟ್ಟ ಹತ್ತುವುದು ಇದಕ್ಕೇ.

ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1906ರಲ್ಲಿ ಏಡನ್ನಿಗೆ ಹೋಗಿ ನೀರು, ಚರಂಡಿಯ ಯೋಜನೆ ಕೊಟ್ಟಾಗ ಅವರಿಗೂ ಹೆಚ್ಚುಕಡಿಮೆ ಇದೇ ವಯಸ್ಸು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದದ್ದು ಅದರ ನಂತರ. ಕೆನಡಾದವರು ಅವರ ವಯಸ್ಸಿಗೂ ಸೊನ್ನೆಯನ್ನೇ ಹಾಕುತ್ತಿದ್ದರು.

ನಿಮಗೀಗ 44 ನಡೆಯುತ್ತಿದ್ದರೆ, ಪತ್ರಿಕೆ ಮಡಚಿಟ್ಟು ಮೊದಲು ಅರ್ಜಿ ಹಾಕಿ ಬನ್ನಿ.