ನಮ್ಮ ಮನೆ ಅಷ್ಟೆಲ್ಲ ಬಾಳೋದಿಲ್ಲ ಸ್ವಾಮಿ

ಸ್ವಂತ ಮನೆ ಇದ್ದವನು ಅದಕ್ಕೆ ಎರಡು ಬೆಲೆ ಇಟ್ಟುಕೊಂಡೇ ಬದುಕಬೇಕು. ಗೃಹಪ್ರವೇಶಕ್ಕೆ ಬಂದ ಷಡ್ಡಕನಿಗೆ ಹೇಳುವುದು ಒಂದು, ಕಂದಾಯದವರಿಗೆ ಹೇಳುವುದು ಇನ್ನೊಂದು. ಷಡ್ಡಕನೆದುರು "ಈಗ ಇದೇ ಮನೆ ತಗೊಳ್ಳೋಕೆ ಹೋದರೆ..." ಎಂದು ಅರ್ಧಕ್ಕೆ ನಿಲ್ಲಿಸಿ ಕಾಫಿ ಹೀರಿದರೆ ಸಾಕು, ಮಿಕ್ಕ ಸೊನ್ನೆಗಳನ್ನು ಅವನೇ ಸೇರಿಸಿಕೊಂಡು ಸಂಕಟಪಡುತ್ತಾನೆ. ಕಂದಾಯದ ಮಾತು ಬಂತೋ, ಅದೇ ಮನೆ ರಾತ್ರೋರಾತ್ರಿ ಗುಡಿಸಲಾಗಬೇಕು. ಊರಿನಲ್ಲಾದರೆ ಈ ಎರಡನೆಯ ಬೆಲೆಯನ್ನು ಬಾಯಿಮಾತಿನಲ್ಲೇ ಮುಗಿಸಲು ನೋಡುತ್ತೇವೆ. ಇಂಗ್ಲೆಂಡಿನಲ್ಲಿ ಅದನ್ನು ಸಾಕ್ಷ್ಯಸಮೇತ ಬರೆದುಕೊಡಬೇಕು.

ಇಲ್ಲಿ ಮನೆಗಂದಾಯಕ್ಕೆ ಕೌನ್ಸಿಲ್ ಟ್ಯಾಕ್ಸ್ ಎನ್ನುತ್ತಾರೆ. ಹಿಂದೆ ಥ್ಯಾಚರ್ ಅಮ್ಮನವರು ತಲೆಗಿಷ್ಟು ಎಂದು ಪೋಲ್ ಟ್ಯಾಕ್ಸ್ ಹಾಕಲು ಹೋಗಿ, 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಂಬಿಯೇ ಆಯಿತು. ಆ ವರ್ಷದ ನವೆಂಬರಿನಲ್ಲಿ ಅವರ ಕುರ್ಚಿಯೂ ಹೋಯಿತು. ತಲೆಯ ಸಹವಾಸ ಬೇಡ, ಮನೆಯೇ ವಾಸಿ, ಅದು ಮೆರವಣಿಗೆ ಬರುವುದಿಲ್ಲ ಎಂದುಕೊಂಡೋ ಏನೋ, 1993ರ ಏಪ್ರಿಲ್‌ನಿಂದ ಈ ತೆರಿಗೆ ತಂದರು. ಅದಕ್ಕಾಗಿ ಮನೆಗಳನ್ನೆಲ್ಲ ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡುಗಳಾಗಿ ವಿಂಗಡಿಸಬೇಕಿತ್ತು. ಒಳಹೊಕ್ಕು ನೋಡಲು ಯಾರಿಗೆ ಪುರುಸೊತ್ತು? ಎಸ್ಟೇಟ್ ಏಜೆಂಟರನ್ನು ಗೊತ್ತುಮಾಡಿದರು. ಅವರಲ್ಲಿ ಬಹಳ ಮಂದಿ ಕಾರಿನಿಂದ ಇಳಿಯದೆಯೇ, ಬೀದಿಯುದ್ದಕ್ಕೂ ನಿಧಾನವಾಗಿ ಸಾಗುತ್ತಾ, ಇದು ಬಿ, ಅದು ಸಿ ಎಂದು ಬರೆದುಕೊಂಡು ಹೋದರಂತೆ. ಅದಕ್ಕೆ 'ಸೆಕೆಂಡ್ ಗೇರ್' ಮೌಲ್ಯಮಾಪನ ಎಂಬ ಹೆಸರೇ ಬಿದ್ದಿದೆ.

ಬೆಲೆಗೆ ಹಿಡಿದ ದಿನಾಂಕ 1991ರ ಏಪ್ರಿಲ್ 1. ಮೂರ್ಖರ ದಿನವೇ ಏಕೆ ಎಂದು ನನ್ನನ್ನು ಕೇಳಬೇಡಿ. ಪಕ್ಕದ ವೇಲ್ಸ್‌ನವರು 2005ರಲ್ಲಿ ಹೊಸ ಬೆಲೆ ಜಾರಿಗೆ ತಂದರು. ಇಂಗ್ಲೆಂಡು ಮಾತ್ರ ಆ ಏಪ್ರಿಲ್ ಒಂದರಿಂದ ಕದಲಿಲ್ಲ. ಹೋದ ವರ್ಷ ಕಟ್ಟಿದ ಮನೆಗೂ, ಅದು 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು ಎಂದೇ ಲೆಕ್ಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಆಡಿಕೊಳ್ಳುತ್ತೇವೆ. ಇವರು ಕೂಸು ಹುಟ್ಟಿದ ಮೇಲೆ, ಹುಟ್ಟುವುದಕ್ಕೆ ಮುಂಚೆ ಅದರ ತೂಕ ಎಷ್ಟಿತ್ತು ಎಂದು ಕೇಳುತ್ತಾರೆ.

ನಾವು ಕೊಂಡದ್ದು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಅವಳಿ ಮನೆಗಳಲ್ಲಿ ಒಂದು. ಅದೇ ಇಟ್ಟಿಗೆ, ಅದೇ ಹೆಂಚು, ಅದೇ ಹೊಗೆಗೂಡು. ಆದರೆ ಪಕ್ಕದ ಅಜ್ಜಿಯ ಮನೆ ಸಿ ಬ್ಯಾಂಡು, ನಮ್ಮದು ಡಿ. ಡಿ ಒಂಬತ್ತು ಪಾಲು ಕೊಟ್ಟರೆ ಸಿ ಎಂಟು ಪಾಲು ಕೊಡುತ್ತದೆ. 2025–26ರಲ್ಲಿ ಇಂಗ್ಲೆಂಡಿನ ಸರಾಸರಿ ಡಿ ಬ್ಯಾಂಡಿಗೆ ವರ್ಷಕ್ಕೆ 2,280 ಪೌಂಡು. ಅಂದಮೇಲೆ ವ್ಯತ್ಯಾಸ ಸುಮಾರು 250 ಪೌಂಡು. ಪೌಂಡನ್ನು ರೂಪಾಯಿಗೆ ತಿರುಗಿಸಬಾರದು ಎಂದು ಇಲ್ಲಿಗೆ ಬಂದ ಹೊಸತರಲ್ಲೇ ಶಪಥ ಮಾಡಿದ್ದೆ. ನಮ್ಮ ಮಾವನವರು ಮಾಡಿರಲಿಲ್ಲ.

ಮಾವನವರು ಮೈಸೂರಿನವರು, ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಮಗಳ ಮನೆಗೆ ಬಂದಿದ್ದರು. ಮೊದಲ ವಾರ ಟೆಲಿವಿಷನ್ನು, ಎರಡನೆಯ ವಾರ ಮಳೆ. ಆಮೇಲೆ ಅಡುಗೆಮನೆಯ ಮೇಜಿನ ಮೇಲಿದ್ದ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಕಣ್ಣಿಗೆ ಬಿತ್ತು. ಮುಖದಲ್ಲಿ ಕಳೆಯೇ ಬಂದುಬಿಟ್ಟಿತು. ಕನ್ನಡಕ ಏರಿಸಿ ಸಾಲುಸಾಲಾಗಿ ಓದಿದರು. ಪೊಲೀಸರಿಗಿಷ್ಟು, ಬೆಂಕಿ ಆರಿಸುವವರಿಗಿಷ್ಟು. "ನಮ್ಮಲ್ಲಿ ಗ್ರಂಥಾಲಯಕ್ಕೆ ಶೇಕಡ 6, ಭಿಕ್ಷುಕರ ಕರ ಶೇಕಡ 3. ಇಲ್ಲಿ ಭಿಕ್ಷುಕರಿಗೆ ಇಲ್ಲವೇನು?" ಎಂದರು. ಇಲ್ಲ, 'ಅಡಲ್ಟ್ ಸೋಷಿಯಲ್ ಕೇರ್' ಎಂದು ವಯಸ್ಸಾದವರನ್ನೂ ಕೈಲಾಗದವರನ್ನೂ ನೋಡಿಕೊಳ್ಳಲು ಇದೆ ಎಂದೆ. ಮಗಳ ಕಡೆ ಒಮ್ಮೆ ನೋಡಿ, "ಹಾಗಾದರೆ ಕೊಡೋಣ ಬಿಡಿ" ಎಂದು ಮುಂದಿನ ಸಾಲಿಗೆ ಹೋದರು.

ಮನೆಗೆ ಹೊಸದಾಗಿ ಬಂದವರು ಆರು ತಿಂಗಳೊಳಗೆ ಬ್ಯಾಂಡನ್ನು ವಿಧಿವತ್ತಾಗಿ ಪ್ರಶ್ನಿಸಬಹುದು. ವೀಸಾಕ್ಕೂ ಆರು ತಿಂಗಳು, ತಕರಾರಿಗೂ ಆರು ತಿಂಗಳು ಎಂದು ಕೇಳಿ ಮಾವನವರು ಇದು ದೈವಸಂಕಲ್ಪವೆಂದೇ ತೀರ್ಮಾನಿಸಿದರು. ಮಂಕಿಕ್ಯಾಪು ಏರಿಸಿ, ನೋಟ್‌ಬುಕ್ಕು ಹಿಡಿದು ಸ್ಥಳ ತನಿಖೆಗೆ ಹೊರಟರು. ನಮ್ಮಂಥದೇ ಮನೆಗಳು, ಕಡಿಮೆ ಬ್ಯಾಂಡಿನವು, ಐದರವರೆಗೆ ತೋರಿಸಬಹುದೆಂದು ನಿಯಮ. ಅವರು ಬೀದಿಯುದ್ದಕ್ಕೂ ಹೆಜ್ಜೆಯಲ್ಲಿ ಅಳೆದು ಪ್ರತಿ ಮನೆಗೂ ಚೆಕ್ಕುಬಂದಿ ಬರೆದರು. ಬೀದಿ ಕೊನೆಯಲ್ಲಿ ಒಂದು ಹಳೇ ಕಟ್ಟಡ. ಅದರ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ್ದಾರೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗೆ ತೆರಿಗೆಯಿತ್ತು, ಅದನ್ನು ತಪ್ಪಿಸಿಕೊಳ್ಳಲು ಜನ ಕಿಟಕಿಯನ್ನೇ ಮುಚ್ಚುತ್ತಿದ್ದರು ಎಂದು ನಾನು ಹೇಳಿದ್ದೇ ತಡ, ಮಾವನವರಿಗೆ ಈ ದೇಶದ ಮೇಲೆ ಗೌರವ ಹುಟ್ಟಿತು. "ನಮ್ಮವರ ಥರಾನೇ ಇದಾರೆ" ಎಂದರು.

ಅರ್ಜಿಯ ಕರಡು ನಾನು ಬರೆದಿದ್ದೆ. ಅದನ್ನು ಅವರು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಏನಿದು ಅಳಿಯಂದಿರೇ? ವಿಷಯ ಎಲ್ಲಿ? ಉಲ್ಲೇಖ ಎಲ್ಲಿ?" ತಾವೇ ಕೂತು ಹೊಸದಾಗಿ ಬರೆದರು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸ್ವತ್ತು ತಗ್ಗಿನಲ್ಲಿದ್ದು, ಹಿಂದೆ ರೈಲ್ವೆ ಹಳಿ ಹಾದುಹೋಗಿದ್ದು, ಮಾಳಿಗೆಯಲ್ಲಿ ತೇವವಿದ್ದು, ಮೆಟ್ಟಿಲು ಕಿರಿದಾಗಿದ್ದು, ಬಿಸಿಲು ಬೀಳದೆ ಇದ್ದು... ವಾಕ್ಯ ಎರಡನೆಯ ಪುಟಕ್ಕೂ ಹರಿಯಿತು. ನನ್ನ ಹೆಂಡತಿ ಓದಿ ಕೆಂಡವಾದಳು.

"ಅಪ್ಪಾ, ಗೃಹಪ್ರವೇಶದ ದಿನ ಅರಮನೆ ಥರ ಇದೆ ಅಂದಿದ್ದೋರು ನೀವೇ ತಾನೆ?"

"ಅದು ಬಾಯಿಮಾತಮ್ಮ. ಇದು ದಾಖಲೆ."

ಆದರೆ ತೇವದಿಂದ ಪ್ರಯೋಜನವಿರಲಿಲ್ಲ. ಮನೆ ತಕ್ಕಮಟ್ಟಿಗೆ ದುರಸ್ತಿಯಲ್ಲಿದೆ ಎಂದು ಭಾವಿಸಿಯೇ ಬೆಲೆ ಕಟ್ಟಬೇಕೆಂದು ಕಾನೂನು ಹೇಳುತ್ತದೆ. ಅಂತರ್ಜಾಲದಲ್ಲಿ ಸಿಗುವ ಸರಾಸರಿ ಬೆಲೆಗಳನ್ನೂ ಒಪ್ಪುವುದಿಲ್ಲ. 1989ರ ಏಪ್ರಿಲ್‌ನಿಂದ 1993ರ ಮಾರ್ಚ್‌ವರೆಗಿನ ನಿಜವಾದ ಮಾರಾಟದ ಬೆಲೆ ಬೇಕು. ಸಾರ್ವಜನಿಕರು ನೋಡಬಹುದಾದ ಮಾರಾಟದ ದಾಖಲೆಯೋ, 1995ರಿಂದ ಈಚಿನದು. ನಾನು ಅಲ್ಲಿಗೇ ಕೈಬಿಟ್ಟೆ. ಮಾವನವರು ಚಕ್ಕುಲಿ ಡಬ್ಬಿ ಹಿಡಿದು ಪಕ್ಕದ ಅಜ್ಜಿಯ ಮನೆಗೆ ಹೋದರು. ಅವರ ಇಂಗ್ಲಿಷು ಅಜ್ಜಿಗೆ, ಅಜ್ಜಿಯ ಇಂಗ್ಲಿಷು ಅವರಿಗೆ ಎಷ್ಟು ತಿಳಿಯಿತೋ. ಮರಳುವಾಗ ನೋಟ್‌ಬುಕ್ಕಿನಲ್ಲಿ ಬೆಲೆ ಇತ್ತು: 1990ರಲ್ಲಿ ಕೊಂಡದ್ದು, 66 ಸಾವಿರ ಪೌಂಡು. ಸಿ ಬ್ಯಾಂಡಿನ ಮಿತಿ 68 ಸಾವಿರ. ಕ್ರಯಪತ್ರದ ಜೆರಾಕ್ಸ್ ಕೂಡ ಕೊಡುತ್ತೇನೆ ಎಂದಿದ್ದರಂತೆ.

ಹೆಂಡತಿಯ ಆತಂಕ ಇನ್ನೊಂದು. ಹೀಗೆ ಕೆದಕಿದರೆ ನಮ್ಮ ಬ್ಯಾಂಡು ಏರಬಹುದು, ಅಕ್ಕಪಕ್ಕದವರದ್ದೂ ಏರಬಹುದು ಎಂದು ಅರ್ಜಿಯ ಜೊತೆಗಿನ ಸೂಚನೆಯಲ್ಲೇ ಇದೆ. "ಅಜ್ಜಿದು ಡಿ ಆದರೆ ನಮ್ಮ ಪಾರ್ಸಲ್ಲು ಯಾರು ತಗೊಂಡಿಡ್ತಾರೆ?" ಎಂದಳು. ಈ ದೇಶದಲ್ಲಿ ಪಾರ್ಸಲ್ಲು ತೆಗೆದಿಡುವ ನೆರೆಯವರ ಬೆಲೆ ಯಾವ ಬ್ಯಾಂಡಿಗೂ ನಿಲುಕದು. ಮಾವನವರು ಕೇಳಲಿಲ್ಲ. ಅರ್ಜಿ ಹೋಯಿತು. ಕೆಲವು ದಿನದಲ್ಲಿ ಅವರೂ ಮೈಸೂರಿಗೆ ಹೋದರು.

ಉತ್ತರ ಆಮೇಲೆ ಬಂತು, ಬಹಳ ಮರ್ಯಾದೆಯಾಗಿ. 66 ಸಾವಿರ ಸರಿ, ಅಜ್ಜಿ ಸಿ ಬ್ಯಾಂಡಿನಲ್ಲಿರುವುದೂ ಸರಿ. ಆದರೆ ನಿಮ್ಮ ಮನೆಯ ಹಿಂದಿನ ಮಾಲೀಕರು ಹಿತ್ತಲ ಕಡೆ ಅಡುಗೆಮನೆಯನ್ನು ದೊಡ್ಡದು ಮಾಡಿದ್ದಾರೆ. ಹಾಗೆ ವಿಸ್ತರಿಸಿದಾಗ ಬ್ಯಾಂಡು ಕೂಡಲೇ ಏರುವುದಿಲ್ಲ, ಮನೆ ಮಾರಾಟವಾದಾಗ ಏರುತ್ತದೆ. ನೀವು ಕೊಂಡಿರಿ, ಏರಿತು. ಬ್ಯಾಂಡು ಡಿ, ಬದಲಾವಣೆಯಿಲ್ಲ.

ಹೆಂಡತಿಗೆ ಇದರಲ್ಲಿ ಸೋತದ್ದೇನೂ ಕಾಣಲಿಲ್ಲ. ಆ ಅಡುಗೆಮನೆ ನೋಡಿಯೇ ಅವಳು ಮನೆ ಒಪ್ಪಿದ್ದು. ಷಡ್ಡಕರ ವಾಟ್ಸಾಪ್ ಗುಂಪಿಗೆ ನಾನು ಹಾಕಿದ್ದೂ ಅದರದೇ ಫೋಟೋ. "ಸರ್ಕಾರಾನೇ ಬರೆದುಕೊಟ್ಟಿದೆ ನೋಡಿ, ದೊಡ್ಡ ಅಡುಗೆಮನೆ ಅಂತ" ಎಂದು ಪತ್ರದ ಫೋಟೋ ತೆಗೆದು ತನ್ನ ಅಕ್ಕನಿಗೆ ಕಳಿಸಿದಳು.

ಮಾವನವರಿಗೆ ವಿಡಿಯೋ ಕರೆಯಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡರು.

"ಆ ಅಡುಗೆಮನೆ 1991ರಲ್ಲಿ ಇತ್ತೇನು?"

"ಇರಲಿಲ್ಲ ಮಾವ."

"ಮತ್ತೆ 1991ರ ಬೆಲೆಗೆ ಹ್ಯಾಗೆ ಸೇರಿಸ್ತಾರೆ?"

ಮನೆ ಇವತ್ತಿನದು, ಬೆಲೆ ಮಾತ್ರ ಅವತ್ತಿನದು, ಕಾನೂನೇ ಹಾಗೆ ಎಂದೆ. ಇಪ್ಪತ್ತೆಂಟು ವರ್ಷ ಕಂದಾಯ ಇಲಾಖೆಯಲ್ಲಿದ್ದರೂ ಇಂಥದ್ದನ್ನು ಕಂಡಿಲ್ಲವೆಂದರು. ಆ ದನಿಯಲ್ಲಿ ಸ್ವಲ್ಪ ಅಸೂಯೆಯೂ ಇತ್ತು. ಮೇಲ್ಮನವಿಗೆ ಅವಕಾಶವಿದೆಯೇ ಎಂದು ಕೇಳಿದರು. ವ್ಯಾಲ್ಯುಯೇಷನ್ ಟ್ರಿಬ್ಯುನಲ್ ಇದೆ, ಮೂರು ತಿಂಗಳೊಳಗೆ ಹೋಗಬೇಕು, ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ನಮ್ಮ ಪರವಾಗಿ ಬೇರೆಯವರು ಮಾತಾಡಬಹುದು, ವಿಚಾರಣೆ ವಿಡಿಯೋದಲ್ಲೇ ನಡೆಯಬಹುದು ಎಂದು ನಾನು ಮಾಹಿತಿಗಾಗಿ ಹೇಳಿದೆ, ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ, ನಮ್ಮ ಐದು ಗಂಟೆಗೆ, ಫೋನು ಬಂತು. "ಕರಿ ಕೋಟು ಇಸ್ತ್ರಿಗೆ ಕೊಟ್ಟಿದ್ದೀನಿ. ಮೊಮ್ಮಗ ಲ್ಯಾಪ್‌ಟಾಪು ತಂದಿಟ್ಟಿದ್ದಾನೆ. ಅದೇನೋ ಲಿಂಕು ಅಂತಾರಲ್ಲ, ಅದನ್ನ ಕಳಿಸಿ."