ಬಾಲವಸ್ತ್ರಮೀಮಾಂಸೆ

ಮನುಷ್ಯನು ಜೀರ್ಣವಸ್ತ್ರವನ್ನು ಕಳಚುವಂತೆ ಜೀವನು ಹಳೆಯ ದೇಹವನ್ನು ಕಳಚಿ ಹೊಸದನ್ನು ತೊಡುತ್ತಾನೆಂದು ಭಗವದ್ಗೀತೆಯ ಎರಡನೆಯ ಅಧ್ಯಾಯವು ಸಾರಿದ್ದರೂ, ಅಷ್ಟು ಸಲೀಸಾಗಿ ದೇಹವನ್ನೇ ಬದಲಿಸಿ ಬಂದ ಜೀವನು ಅಂಗಿ ಚಡ್ಡಿಗಳ ವಿಷಯದಲ್ಲಿ ಮಾತ್ರ ಏಕೆ ಇಷ್ಟು ಹಠ ಮಾಡುತ್ತಾನೆಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಿಕೊಂಡಂತೆ ಕಾಣದು. ಅವರಲ್ಲಿ ಬಹುಮಂದಿ ಸಂನ್ಯಾಸಿಗಳಾದುದರಿಂದ, ಮುಹೂರ್ತಕ್ಕೆ ಹೊತ್ತಾಗುತ್ತಿರುವಾಗ ಮಗುವಿಗೆ ರೇಷ್ಮೆಯ ಲಂಗ ತೊಡಿಸುವ ಪ್ರಸಂಗ ಅವರಿಗೆ ಒದಗಿರಲಾರದು.

ಪಾಶ್ಚಾತ್ಯರಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯದ ಇಯಾನ್ ಸ್ಟೀವನ್‌ಸನ್ನರು ಈ ದಾರಿಯಲ್ಲಿ ಕೊಂಚ ದೂರ ನಡೆದರು. ಮಹಾಯುದ್ಧದಲ್ಲಿ ಮಡಿದ ಜಪಾನೀ ಸೈನಿಕರೇ ತಾವೆಂದು ಹೇಳಿಕೊಂಡ ಬರ್ಮಾದ ಮಕ್ಕಳು ಆ ನಾಡಿನ ಲುಂಗಿಯನ್ನೊಲ್ಲದೆ ಷರಾಯಿಯನ್ನು ಬಯಸಿದುದನ್ನು ಅವರು ದಾಖಲಿಸಿದ್ದಾರೆ. ಅವರೊಡನೆ ಸಂಶೋಧನೆ ನಡೆಸಿದ ಸತ್ವಂತ್ ಪಸ್ರೀಚಾ ಅವರು ಬೆಂಗಳೂರಿನ ನಿಮ್ಹಾನ್ಸಿನಲ್ಲಿದ್ದವರೇ. ಹೀಗಿದ್ದೂ ಬೆಂಗಳೂರಿಗೆ ಹತ್ತಿರದ ಊರಾದ ಬಿಡದಿಯು ಈ ಶಾಸ್ತ್ರದ ಗಮನಕ್ಕೆ ಬಾರದೆ ಉಳಿದುದು ಶೋಚನೀಯ.

ಇಲ್ಲಿ ಪೇಟ ಸುತ್ತಿಕೊಂಡ ಹುಡುಗನನ್ನೆಲ್ಲ ಅವನ ಅಜ್ಜಂದಿರು ಮಾಗಡಿಯ ಕೆಂಪೇಗೌಡನೆಂದೇ ತೀರ್ಮಾನಿಸುತ್ತಾರೆ. ಹಿರಿಯ, ಇಮ್ಮಡಿ, ಮುಮ್ಮಡಿ ಎಂದು ಆ ಹೆಸರಿನ ಪ್ರಭುಗಳು ಮೂವರಿದ್ದುದರಿಂದ ಬೀದಿಗೆ ಮೂವರನ್ನು ಒಪ್ಪಬಹುದು. ನಾಲ್ಕನೆಯವನ ಅರ್ಜಿಯನ್ನು ತಿರಸ್ಕರಿಸದೆ ಗತ್ಯಂತರವಿಲ್ಲ. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯ ಪ್ರಭಾವದಿಂದ ಬೂಟು, ತೋಟಾಪಟ್ಟಿಗಳಿಗಾಗಿ ಅಳುವ ಪಂಗಡವೊಂದುಂಟು. ಆ ಚಿತ್ರದ ಖಳನಾಯಕ ಗಬ್ಬರ್‌ಸಿಂಗನು ಕಲ್ಪಿತನೇ ಹೊರತು ಹುಟ್ಟಿದವನಲ್ಲವಾಗಿ ಪುನಃ ಹುಟ್ಟಲಾರನೆಂಬ ನ್ಯಾಯದಿಂದ ಆ ಪಕ್ಷವೂ ನಿರಸ್ತವಾಯಿತು.

ಉಳಿದದ್ದು ಸಿದ್ಧಾಂತಪಕ್ಷ. ಯಾವ ಬಟ್ಟೆಯನ್ನೂ ಒಲ್ಲದೆ, ತೊಡಿಸಿದ ಮರುಗಳಿಗೆಯೇ ಕಿತ್ತೆಸೆಯುವ ಮಗು ಪೂರ್ವಜನ್ಮದಲ್ಲಿ ರೇಷ್ಮೆಹುಳುವಾಗಿತ್ತೆಂದು ಪ್ರಕೃತ ಲೇಖಕನು ಸಾಧಿಸಬಯಸುತ್ತಾನೆ. ರೇಷ್ಮೆಹುಳು ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ. ಆಗ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ನಿಶ್ಚಲವಾಗಿದ್ದು, ಬಳಿಕ ಹಳೆಯ ಚರ್ಮವನ್ನು ಕಳಚಿ ಹೊರಬರುತ್ತದೆ. ಅನ್ನವನ್ನು ದೂಡಿ, ಗಲ್ಲ ಮೇಲೆತ್ತಿ, ಕೆಲವು ಕ್ಷಣ ಮುನಿದು ಕುಳಿತು, ಅನಂತರ ಅಂಗಿಯನ್ನು ಕೊಸರಿ ಎಸೆಯುವ ಬಾಲಕನನ್ನು ಕಂಡ ತಾಯಂದಿರಿಗೆ ಈ ಸಾದೃಶ್ಯವನ್ನು ವಿವರಿಸಬೇಕಾಗಿಲ್ಲ. ಅದೇ ಬಾಲಕನು ರಾತ್ರಿ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಒಂದು ರಂಧ್ರವೂ ಉಳಿಯದಂತೆ ಸುತ್ತಿಕೊಂಡು ಮಲಗುವುದು ಹುಳುಗಳು ಗೂಡು ಕಟ್ಟುವ ಚಂದ್ರಂಕಿಯ ಸ್ಮರಣೆಯಲ್ಲದೆ ಮತ್ತೇನು? ಎಣ್ಣೆನೀರಿನ ದಿನ ಹಂಡೆಯ ಹೊಗೆ ಕಂಡೊಡನೆ ಬೀದಿಗೋಡುವ ಶಿಶುವಂತೂ ಗೂಡುಗಳನ್ನು ಕುದಿನೀರಿಗೆ ಹಾಕಿ ನೂಲು ಬಿಚ್ಚುವ ಕಾರಖಾನೆಯನ್ನು ಮರೆತಿಲ್ಲ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅಷ್ಟು ಜೀವಗಳು ರಾಮನಗರದಲ್ಲಿ ದೇಹ ಬಿಟ್ಟು ಮೈಸೂರು ರಸ್ತೆ ಹಿಡಿದರೆ, ಹತ್ತು ಮೈಲಿ ಈಚೆಯ ಬಿಡದಿಯಲ್ಲಿ ತಂಗುವುದು ಸಹಜ. ಮದುವೆಯ ದಿನ ರೇಷ್ಮೆಲಂಗವನ್ನು ಕಂಡು ಚೀರುವ ಹುಡುಗಿಯ ಮುಂದೆ ನಾವು ಹಿಡಿದಿರುವುದು ಆಕೆಯದೇ ಸೊತ್ತು, ನಮಗೆ ನಾಚಿಕೆಯಾಗಬೇಕು.

ಜರಿ ಚುಚ್ಚುತ್ತದೆ, ಕೊರಳು ಬಿಗಿ, ಸೆಕೆ ಬೇರೆ, ಎಂಬುದು ಅಜ್ಜಿಯೊಬ್ಬರ ಪೂರ್ವಪಕ್ಷ. ಸ್ವತಃ ಅಳತೆ ಕೊಟ್ಟು ಹೊಲಿಸಿದವರಾದುದರಿಂದ ಅವರ ಸಾಕ್ಷ್ಯವು ನಿಷ್ಪಕ್ಷಪಾತವೆನಿಸದು. ಆದರೆ ಅವರ ಎರಡನೆಯ ಆಕ್ಷೇಪಣೆ ಲಘುವಲ್ಲ: ಹುಳುವೇ ಆಗಿದ್ದರೆ, ಹಿಪ್ಪುನೇರಳೆ ಸೊಪ್ಪನ್ನು ಮುಂದಿಟ್ಟಾಗ ಮಗು ಅದನ್ನು ತಳ್ಳಿ, ಬೆಣ್ಣೆ ಹಾಕಿದ ತಟ್ಟೆ ಇಡ್ಲಿಯನ್ನೇ ಏಕೆ ಬೇಡಿತು? ಇದಕ್ಕೆ ಸಮಾಧಾನವಿದೆ. ಹಿಂದಿನ ಜನ್ಮವಿಡೀ, ಬೆಳಗೂ ಬೈಗೂ, ಒಂದೇ ಸೊಪ್ಪನ್ನು ಉಪ್ಪು ಖಾರವಿಲ್ಲದೆ ತಿಂದ ಜೀವನು ಬಿಡದಿಯನ್ನೇ ಆರಿಸಿ ಹುಟ್ಟಿದ್ದರೆ ಅದು ಆ ಇಡ್ಲಿಗಾಗಿಯೇ ಇರಬೇಕು. ಪ್ರಯೋಗವು ಮುಂದುವರಿಯುತ್ತಿದೆ, ಮಗು ಎರಡನೆಯ ತಟ್ಟೆಯಲ್ಲಿದೆ, ಇನ್ನೂ ಬರಿಮೈಯಲ್ಲಿದೆ.