ಪರದೆಯನ್ನು ಗಿರಾಕಿಯ ಕಡೆಗೂ ತಿರುಗಿಸಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜವಳಿ, ಬಂಗಾರ, ದಲಾಲಿ ಅಂಗಡಿಗಳ ಮಾಲಕರಿಗೆ ಬಹಿರಂಗ ಪತ್ರ

ಸಾವುಕಾರರೇ, ಅಣ್ಣಂದಿರೇ,

ಟಚ್ ಟೇಬಲ್ ಮಾರುವವರು ಇಂದಲ್ಲ ನಾಳೆ ನಿಮ್ಮ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಾರೆ. ಮೇಜು ನೋಡಲು ಚೆಂದ. ಗಾಜಿನ ಮೇಲೆ ಬೆರಳಿಟ್ಟರೆ ಸೀರೆಯ ಚಿತ್ರ ದೊಡ್ಡದಾಗುತ್ತದೆ, ಸರಿಸಿದರೆ ಇನ್ನೊಂದು ಬಣ್ಣ ಬರುತ್ತದೆ. ಕೊಳ್ಳಬೇಡಿ ಅನ್ನಲು ಈ ಪತ್ರ ಬರೆಯುತ್ತಿಲ್ಲ. ಕೊಳ್ಳುವುದಾದರೆ ಯಾರ ಸಲುವಾಗಿ ಕೊಳ್ಳುತ್ತೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ ಎಂದು ಕೇಳಲು ಬರೆಯುತ್ತಿದ್ದೇನೆ.

ಈ ಮೇಜು ಹೊಸದೇನಲ್ಲ. ಮೈಕ್ರೋಸಾಫ್ಟ್ ಕಂಪನಿ 2007ರ ಮೇ ತಿಂಗಳಲ್ಲೇ ‘ಸರ್ಫೇಸ್’ ಎಂಬ ಹೆಸರಿನಲ್ಲಿ ಇಂಥದ್ದನ್ನು ತೋರಿಸಿತ್ತು. 30 ಇಂಚಿನ ಪರದೆ, ಒಳಗೆ ಐದು ಅವಗೆಂಪು ಕ್ಯಾಮೆರಾ, ಬೆಲೆ ಸುಮಾರು ಹತ್ತು ಸಾವಿರ ಡಾಲರ್. ಮರುವರ್ಷ ಅಮೆರಿಕದ ಎಟಿ ಆ್ಯಂಡ್ ಟಿ ಮೊಬೈಲ್ ಮಳಿಗೆಗಳಲ್ಲಿ ಅದನ್ನಿಟ್ಟರು. ಎರಡು ಫೋನ್‌ಗಳನ್ನು ಮೇಜಿನ ಮೇಲಿಟ್ಟರೆ ಎರಡರ ವಿವರವೂ ಪಕ್ಕಪಕ್ಕದಲ್ಲೇ ಮೂಡುತ್ತಿತ್ತು. 2012ರಲ್ಲಿ ಕಂಪನಿ ಆ ಹೆಸರನ್ನು ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿಗೆ ಕೊಟ್ಟು, ಮೇಜಿಗೆ ಬೇರೆ ಹೆಸರಿಟ್ಟಿತು. ಮೇಜು ಜನರ ಮನೆ ಸೇರಲಿಲ್ಲ. ಆದರೂ ಆ ಫೋನ್ ಅಂಗಡಿಯ ಬಳಕೆ ನನಗೆ ಹಿಡಿಸುತ್ತದೆ, ಯಾಕೆಂದರೆ ಮಾರುವವನಿಗೆ ಗೊತ್ತಿದ್ದದ್ದು ಕೊಳ್ಳುವವನಿಗೂ ಅದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ನಾನು ನಿಮ್ಮಲ್ಲಿ ಕೇಳುವುದೂ ಅದನ್ನೇ.

ಸೀರೆಗೆ ಮಾತ್ರ ಈ ಮೇಜು ಬೇಡ. ಜವಳಿ ಅಂಗಡಿಯ ಗಾದಿಯ ಮೇಲೆ ನಡೆಯುವುದನ್ನು ನೀವು ದಿನಾ ನೋಡುತ್ತೀರಿ. ಹುಡುಗ ಮಡಿಕೆ ಬಿಚ್ಚಿ ಒಂದೇ ಸಲಕ್ಕೆ ಸೀರೆ ಹರವುತ್ತಾನೆ. ಅಕ್ಕಾರು ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತಾರೆ, ತಿರುವಿ ಹಾಕಿ ಹಿಂಬದಿಯಲ್ಲಿ ಎಳೆ ಬಿಟ್ಟಿದೆಯೇ ನೋಡುತ್ತಾರೆ, ಅಂಗಡಿಯ ದೀಪವನ್ನು ನಂಬದೆ ಬಾಗಿಲ ಬೆಳಕಿಗೆ ಒಯ್ಯುತ್ತಾರೆ. “ಬಣ್ಣಾ ಬಿಡತೈತೇನ್ರಿ ಇದು?” ಎಂದು ಕೇಳುವ ಹೊತ್ತಿಗೆ ಅವರ ಬೆರಳಿಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಬೆಟಗೇರಿಯ ನೇಕಾರ ಮಗ್ಗದಲ್ಲಿ ಕೂತು ಅಂಚಿಗೆ ಹಾಕಿದ ದುಡಿಮೆ ತಿಳಿಯುವುದು ಆ ಬೆರಳುಗಳಿಗೇ. ಗಾಜಿನ ಮೇಲೆ ಕೈಮಗ್ಗದ ಸೀರೆ, ಪವರ್‌ಲೂಮ್ ಸೀರೆ ಎರಡಕ್ಕೂ ಒಂದೇ ನುಣುಪು. ಹಾಗಾದಾಗ ಕಡಿಮೆ ಬೆಲೆಯದೇ ಗೆಲ್ಲುತ್ತದೆ, ನೇಕಾರ ಸೋಲುತ್ತಾನೆ. ಹರವಿ ತೋರಿಸುವ ಹುಡುಗನ ಹೊಟ್ಟೆಪಾಡೂ ಇದರಲ್ಲಿದೆ. ದಯವಿಟ್ಟು ಗಾದಿ ತೆಗೆದು ಮೇಜು ಇಡಬೇಡಿ.

ಬಂಗಾರದ ಅಂಗಡಿಯ ಮಾತು ಬೇರೆ. ಶೇಂಗಾ, ಉಳ್ಳಾಗಡ್ಡಿ ಮಾರಿದ ದುಡ್ಡು ಕಟ್ಟಿಕೊಂಡು ಮಗಳ ಲಗ್ನಕ್ಕೆಂದು ಮುಂಡರಗಿ ಕಡೆಯಿಂದ ಬಂದವರು ಕ್ಯಾಲ್ಕುಲೇಟರಿನ ಬೆನ್ನು ನೋಡುತ್ತಾ ಕೂತಿರುತ್ತಾರೆ. ಕೊನೆಗೆ ಒಂದು ಮೊತ್ತ ಹೇಳುತ್ತೀರಿ, “ನಿಮ್ಮ ಸಲುವಾಗಿ ಸಾವಿರ ಬಿಟ್ಟೀನ್ರಿ” ಅನ್ನುತ್ತೀರಿ. ಯಾವುದರಲ್ಲಿ ಬಿಟ್ಟಿರಿ? ಒಡವೆಯ ಒಟ್ಟು ತೂಕ ಎಷ್ಟು, ಅದರೊಳಗೆ ಹರಳಿನದೆಷ್ಟು, ಹಿಡಿದ ದರ 22 ಕ್ಯಾರೆಟ್ಟಿನದೋ 24 ಕ್ಯಾರೆಟ್ಟಿನದೋ, ಮಜೂರಿ ಎಷ್ಟು, ವೇಸ್ಟೇಜ್ ಎಂದು ಸೇರಿಸಿದ್ದೆಷ್ಟು, ಶೇ 3ರ ಜಿಎಸ್‌ಟಿ ಎಷ್ಟು, ಇದೆಲ್ಲ ಅವರಿಗೆ ತಿಳಿಯಬೇಡವೇ? ತೂಕದ ಯಂತ್ರವನ್ನು ಮೇಜಿಗೆ ಜೋಡಿಸಿ, ಒಂದೊಂದನ್ನೂ ಸಾಲಾಗಿ ಮೂಡಿಸಿ. ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಒಡವೆಯ ಮೈಮೇಲೆ ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದನ್ನು ನಾಲ್ಕು ಬೆರಳಗಲ ಮಾಡಿ ತೋರಿಸಿ. ಲಗ್ನದ ಹುಡುಗಿಯೇ ತನ್ನ ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆಗೆದು ಆ ಸಂಖ್ಯೆ ಹಾಕಿ ನೋಡಲಿ. ಇಂಥ ಕೆಲಸಕ್ಕಾದರೆ ಮೇಜಿಗೆ ಹಾಕಿದ ದುಡ್ಡು ಸಾರ್ಥಕ.

ದಲಾಲಿ ಅಂಗಡಿಯಲ್ಲೂ ಅಷ್ಟೇ. ಎಷ್ಟು ಚೀಲ, ಎಷ್ಟು ತೂಕ, ಟೆಂಡರಿನಲ್ಲಿ ಬಿದ್ದ ದರ, ಹಮಾಲಿ, ಮುಂಗಡಕ್ಕೆ ಮುರಿದುಕೊಂಡದ್ದು, ಎಲ್ಲವೂ ಪಟ್ಟಿ ಹರಿಯುವ ಮುಂಚೆ ರೈತನ ಕಣ್ಣಿಗೆ ಬೀಳಲಿ.

ಇದು ಆಗದ ಮಾತಲ್ಲ. ಸರಕಾರಿ ಕಚೇರಿಯೇ ಮಾಡಿ ತೋರಿಸಿದೆ. ಭೂಮಿ ಯೋಜನೆಗೆ ಮುಂಚೆ ನಮ್ಮ ಉತಾರ, ಅಂದರೆ ಪಹಣಿ, ಗ್ರಾಮಲೆಕ್ಕಿಗರ ದಫ್ತರದಲ್ಲಿತ್ತು. ಅದನ್ನು ನೋಡಲಿಕ್ಕೂ ರೈತ ಅಲೆಯಬೇಕಿತ್ತು. 2000ದ ಆಚೀಚೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿ, 177 ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಒಂದರಂತೆ ಸಿಗತೊಡಗಿದವು. ಆ ಕೌಂಟರಿನಲ್ಲಿ ಸಿಬ್ಬಂದಿಯ ಕಡೆ ಒಂದು ಪರದೆ, ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟರು. ಒಳಗಿನವರು ಏನು ಒತ್ತುತ್ತಾರೋ ಹೊರಗೆ ನಿಂತವನಿಗೆ ಅದೇ ಕಾಣುತ್ತಿತ್ತು. ಕೆಲವು ತಾಲೂಕುಗಳಲ್ಲಿ ಪ್ರಯೋಗಕ್ಕೆಂದು ಟಚ್‌ಸ್ಕ್ರೀನ್ ಯಂತ್ರವನ್ನೂ ಇಟ್ಟಿದ್ದರು, ಯಾರನ್ನೂ ಕೇಳದೆ ತನ್ನ ಹೊಲದ ವಿವರ ತಾನೇ ನೋಡಿಕೊಳ್ಳಲಿ ಎಂದು. ಇನ್ನೂ ಹಿಂದಕ್ಕೆ ಹೋದರೆ, ಸಾಲದ ಲೆಕ್ಕಕ್ಕೆ ಸದಸ್ಯರೇ ಒಡೆಯರಾದ ಕೃಷಿ ಸಹಕಾರಿ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ನಮ್ಮದೇ ಕಣಗಿನಹಾಳದಲ್ಲಿ. ಇಂಥ ಸೀಮೆಯ ಅಂಗಡಿಯಲ್ಲಿ ಲೆಕ್ಕ ಒಂದೇ ಕಡೆಗೆ ಕಾಣುವುದು ನನಗೆ ನೋವಿನ ಸಂಗತಿ.

ಇನ್ನು ಮೇಜನ್ನು ಆರಿಸುವ ಮಾತು. ಮಾರಲು ಬಂದವರು ತಮ್ಮ ಮೆತ್ತನೆಯ ಬೆರಳಿನಿಂದ ಆಡಿಸಿ ತೋರಿಸುತ್ತಾರೆ. ನಮ್ಮ ಫೋನಿನಂಥ ಗಾಜು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತದೆ. ಕಳೆ ತೆಗೆದು, ಕಟ್ಟಿಗೆ ಒಡೆದು ಒಣಗಿ ಗಡಸಾದ ತೊಗಲು ಎಷ್ಟೋ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲ. ಸುತ್ತ ಅವಗೆಂಪು ಬೆಳಕಿನ ಚೌಕಟ್ಟು ಇರುವ ಮೇಜಾದರೆ ಎಂಥ ಬೆರಳೂ ನಡೆಯುತ್ತದೆ. ಅದಕ್ಕೆ ಧೂಳಿನ ಕಾಟ. ಗಿರ್ಮಿಟ್ಟಿನ ಒಂದು ಚುರುಮುರಿ ಅಂಚಿಗೆ ಬಿದ್ದರೂ ಯಾರೋ ಬೆರಳಿಟ್ಟರೆಂದು ತಿಳಿಯುತ್ತದೆ. ನಮ್ಮ ಕಡೆಗೆ ಅದೇ ವಾಸಿ, ಬೆಳಗ್ಗೆ ಕಸ ಹೊಡೆಯುವಾಗ ಅಂಚನ್ನೂ ಒರೆಸಿದರಾಯಿತು. ಎದುರುಬದುರು ಕೂತಾಗ ಒಬ್ಬರಿಗೆ ಅಕ್ಷರ ತಲೆಕೆಳಗಾಗುತ್ತದೆ. ಆ ತೊಂದರೆ ಗಿರಾಕಿಗೆ ಬರದಿರಲಿ. ಅಕ್ಷರ ಕನ್ನಡದಲ್ಲಿರಲಿ, ಅಂಕಿ ಅಜ್ಜನಿಗೂ ಕಾಣುವಷ್ಟು ದೊಡ್ಡದಿರಲಿ.

ಒಂದು ಎಚ್ಚರವೂ ಬೇಕು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವವರನ್ನು ನೋಡಿದ್ದೀರಿ. ಮಾರುವವ, ಕೊಳ್ಳುವವ ಇಬ್ಬರಿಗೂ ಎಲ್ಲ ಗೊತ್ತು, ಸುತ್ತ ನಿಂತವರಿಗೆ ಏನೂ ಗೊತ್ತಿಲ್ಲ. ನಿಮ್ಮ ಮೇಜೂ ಆ ಮರ್ಯಾದೆ ಕಾಯಬೇಕು. ಅಡ್ಡ ಮಲಗಿಸಿದ ಪರದೆ ಸುತ್ತಲಿನವರಿಗೆಲ್ಲ ಕಾಣುತ್ತದೆ. ಉದ್ರಿ ಬಾಕಿ, ಫೋನ್ ನಂಬರು ಅದರ ಮೇಲೆ ಮೂಡಬಾರದು. ಬರೇ ನೋಡಿಹೋಗಲು ಬಂದವರ ನಂಬರನ್ನು ಅದು ಕೇಳಲೂಬಾರದು.

ದುಡ್ಡು ಕೊಡುವ ಮುಂಚೆ, ಸಂತೆಯ ದಿನ ಮೇಜನ್ನು ನಿಮ್ಮ ಅಂಗಡಿಯಲ್ಲಿ ಬಿಟ್ಟುಹೋಗಲು ಅವರಿಗೆ ಹೇಳಿ. ಹಮಾಲರಿಗೆ, ನೇಕಾರರಿಗೆ, ಶಿರಹಟ್ಟಿ ಕಡೆಯ ಹಳ್ಳಿಗಳಿಂದ ಬಸ್ಸಿಳಿದು ಬಂದ ಅಕ್ಕಾರಿಗೆ ಮೊದಲು ಮುಟ್ಟಲು ಕೊಡಿ, ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ. ತಮ್ಮ ಲೆಕ್ಕ ತಾವೇ ಓದಿಕೊಳ್ಳಲು ಅವರಿಗೆ ಬಂದರೆ ಮೇಜು ಇಟ್ಟುಕೊಳ್ಳಿ. ಬರದಿದ್ದರೆ ವಾಪಸ್ ಕಳಿಸಿ, ತೂಕದ ಯಂತ್ರದ ಮಗ್ಗುಲಲ್ಲಿ ಗಿರಾಕಿಯ ಕಡೆ ಮುಖ ಮಾಡಿದ ಒಂದು ಸಾದಾ ಪರದೆ ಹಾಕಿಸಿ. ಅದಕ್ಕೆ ಮಾತ್ರ ಮುಂದಿನ ಲಗ್ನದ ಸೀಜನ್ ತನಕ ಕಾಯಬೇಡಿ.

ಇಂತಿ,
ನಿಮ್ಮ ಅಂಗಡಿಗಳ ಗಿರಾಕಿ